ಗೊದುನೋವ್ ನಾಟಕದ ಕೊನೆಯ ಮೌನ

ಒಂದು ರಂಗಸೂಚನೆಗೆ ಎಷ್ಟು ಬಲವಿರಬಹುದು ಎಂದು ಯಾರಾದರೂ ಕೇಳಿದರೆ ನಾನು ರಷ್ಯನ್ ಕವಿ ಪುಷ್ಕಿನ್‌ನ ‘ಬೊರೀಸ್ ಗೊದುನೋವ್’ ನಾಟಕದ ಕೊನೆಯ ಪುಟ ತೆಗೆದು ತೋರಿಸುತ್ತೇನೆ. ತ್ಸಾರ್ ಬೊರೀಸ್ ಸತ್ತಿದ್ದಾನೆ. ಅವನ ಹೆಂಡತಿಯನ್ನೂ ಮಗನನ್ನೂ ಮನೆಯೊಳಗೇ ಮುಗಿಸಿದ ಮೇಲೆ ಬೊಯಾರನೊಬ್ಬ, ಅಂದರೆ ಆಸ್ಥಾನದ ಸರದಾರ, ಹೊರಗೆ ಬಂದು, ಇಬ್ಬರೂ ತಾವೇ ವಿಷ ಕುಡಿದರೆಂದು ಸಾರುತ್ತಾನೆ. ಯಾಕೆ ಸುಮ್ಮನಿದ್ದೀರಿ, ಹೊಸ ತ್ಸಾರನಿಗೆ ಜೈ ಅನ್ನಿ ಎನ್ನುತ್ತಾನೆ. ಜನ ತುಟಿ ಬಿಚ್ಚುವುದಿಲ್ಲ. ಅಲ್ಲಿಗೆ ನಾಟಕ ಮುಗಿಯಿತು.

1825ರ ಹಸ್ತಪ್ರತಿಯಲ್ಲಿ ಜನ ಜೈಕಾರ ಹಾಕಿದ್ದರು. 1831ರಲ್ಲಿ ಅಚ್ಚಾದಾಗ ಆ ಜಾಗದಲ್ಲಿ ಮೌನವಿತ್ತು. ತಿದ್ದಿದ ಕೈ ಯಾರದು ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ನಾಟಕ ರಂಗಕ್ಕೆ ಬಂದದ್ದು 1870ರಲ್ಲಿ, ಕವಿ ತೀರಿಕೊಂಡು ಮೂವತ್ಮೂರು ವರ್ಷಗಳಾದ ಮೇಲೆ.

ಈ ಮೌನಕ್ಕೆ ಸರಿಯಾಗಿ ಕಿವಿಗೊಟ್ಟವನು ಮಾಸ್ಕೋದ ತಗಾಂಕಾ ರಂಗಮಂದಿರದ ನಿರ್ದೇಶಕ ಯೂರಿ ಲ್ಯುಬಿಮೋವ್. ಅದು 1982ರ ಕೊನೆ. ಸೋವಿಯತ್ ನಾಯಕ ಬ್ರೆಝ್ನೆವ್ ಸತ್ತು, ಗುಪ್ತಚರ ಸಂಸ್ಥೆ ಕೆಜಿಬಿಯನ್ನು ವರ್ಷಗಟ್ಟಲೆ ಆಳಿದ್ದ ಆಂದ್ರೊಪೊವ್ ಗದ್ದುಗೆಗೆ ಬಂದಿದ್ದ. ತಾಲೀಮಿನಲ್ಲಿ ಬೊರೀಸ್ ಪಾತ್ರದ ನಟ ನಿಕೊಲಾಯ್ ಗುಬೆಂಕೊ ಕೊನೆಗೆ ರಾಜನ ನಿಲುವಂಗಿ ಕಳಚಿ, ಇವತ್ತಿನ ಸಾದಾ ಸೂಟು ತೊಟ್ಟು ಬಂದ. ಬೊಯಾರನ ಆ ಮಾತನ್ನೇ ಪ್ರೇಕ್ಷಕರ ಮುಖ ನೋಡುತ್ತ ಆಡಿದ. ಕವಿಯ ಮಾತು ಹಾಗೇ ಇತ್ತು, ಬಟ್ಟೆ ಬದಲಾಗಿತ್ತು, ನಟ ಯಾರ ಕಡೆ ತಿರುಗಿದ್ದಾನೆ ಎಂಬುದು ಬದಲಾಗಿತ್ತು. ಸುಮ್ಮನೆ ನಿಂತ ಜನ ಈಗ ಕುರ್ಚಿಗಳಲ್ಲಿ ಕೂತವರು. ಸಂಸ್ಕೃತಿ ಮಂತ್ರಾಲಯಕ್ಕೆ ಇಷ್ಟು ಸಾಕಾಯಿತು, ಪ್ರಯೋಗ ನಿಂತಿತು. 1984ರಲ್ಲಿ ಲ್ಯುಬಿಮೋವ್ ರಂಗಮಂದಿರವನ್ನೂ ಪೌರತ್ವವನ್ನೂ ಕಳೆದುಕೊಂಡ. ನಾಟಕ ಜನರೆದುರು ಬಂದದ್ದು 1988ರಲ್ಲಿ. ಮರುವರ್ಷ ಗುಬೆಂಕೊ ಅದೇ ಮಂತ್ರಾಲಯದ ಮಂತ್ರಿಯಾದ. ಈ ಸಂಗತಿ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಳೆಯ ಕೃತಿಯನ್ನು ಇವತ್ತಿನ ರಾಜಕಾರಣಕ್ಕೆ ಹೊಂದಿಸುವವರಲ್ಲಿ ಹಲವರು ಪಾತ್ರಧಾರಿಗೆ ಇವತ್ತಿನ ಅಧಿಕಾರಸ್ಥನ ಚಹರೆ ಬಳಿದು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. 2014ರಲ್ಲಿ ಮಾಸ್ಕೋದ ಲೆನ್‌ಕೋಮ್ ರಂಗಮಂದಿರದಲ್ಲಿ ಕೊನ್‌ಸ್ತಾಂತಿನ್ ಬೊಗೊಮೋಲೊವ್ ಇದೇ ನಾಟಕವನ್ನು ಇವತ್ತಿನ ಸೂಟುಗಳಲ್ಲಿ, ವೀಡಿಯೊ ಪರದೆಗಳ ನಡುವೆ ಆಡಿಸಿದ. ಧೈರ್ಯ ಸಣ್ಣದಲ್ಲ. ಆದರೆ ಅರ್ಥವನ್ನು ಪರದೆಯೇ ಬರೆದು ತೋರಿಸಿದರೆ ಪ್ರೇಕ್ಷಕನ ಪಾಲಿಗೆ ಏನುಳಿಯಿತು? ಮೌನ ತುಂಬಿಹೋಗುತ್ತದೆ. ಲ್ಯುಬಿಮೋವ್ ಅದನ್ನು ಖಾಲಿ ಬಿಟ್ಟಿದ್ದ. ಆ ಖಾಲಿ ಜಾಗದಲ್ಲಿ ನಮ್ಮ ಉಸಿರು ನಮಗೇ ಕೇಳಿಸುತ್ತದೆ.

ಈಗ ರಷ್ಯಾದಲ್ಲಿ ಪರಿಸ್ಥಿತಿ ಇನ್ನಷ್ಟು ಬಿಗಿ. ನಿರ್ದೇಶಕ ಕಿರಿಲ್ ಸೆರೆಬ್ರೆನ್ನಿಕೊವ್ ಕಟ್ಟಿದ ಗೊಗೊಲ್ ಸೆಂಟರ್ ರಂಗಮಂದಿರ 2022ರಲ್ಲಿ ಮುಚ್ಚಿತು. ಉಕ್ರೇನ್ ಯುದ್ಧ ಶುರುವಾದಾಗ ದೇಶ ಬಿಟ್ಟ ನಿರ್ದೇಶಕ ದ್ಮಿತ್ರಿ ಕ್ರಿಮೊವ್ ಆ ವರ್ಷವೇ ಚೆಖೊವ್‌ನ ‘ಚೆರಿ ತೋಟ’ವನ್ನು ಫಿಲಡೆಲ್ಫಿಯಾದಲ್ಲಿ ಆಡಿಸಿದ. ಪುಷ್ಕಿನ್‌ನನ್ನು ಮಾತ್ರ ಹೊರಹಾಕುವಂತಿಲ್ಲ. ಅವನ ಕಂಚಿನ ಪ್ರತಿಮೆ ಮಾಸ್ಕೋದ ನಡುಮಧ್ಯೆ ತಲೆ ತಗ್ಗಿಸಿ ನಿಂತಿದೆ, ನಾಟಕದ ಕೊನೆಯ ಪುಟ ಯಾರ ಕೈಗೂ ಸಿಗುವಂತಿದೆ. ಆ ಸಾದಾ ಸೂಟು ತೊಟ್ಟು ಮತ್ತೊಬ್ಬ ನಟ ಸಭಾಂಗಣದ ಕಡೆ ತಿರುಗುವ ದಿನಕ್ಕೆ ನಾನು ಕಾಯುತ್ತಿದ್ದೇನೆ.