ಅರ್ಧ ಅಂಕ, ಅರ್ಧ ದಂಡ

ಸಿಇಟಿ ರ‍್ಯಾಂಕಿನ 50:50 ಸೂತ್ರಕ್ಕೆ ನಮ್ಮಲ್ಲಿ ಸಿಕ್ಕಷ್ಟು ಒಳ್ಳೆಯ ಹೆಸರು ಶಿಕ್ಷಣ ಇಲಾಖೆಯ ಬೇರೆ ಯಾವ ಲೆಕ್ಕಾಚಾರಕ್ಕೂ ಸಿಕ್ಕಿರಲಾರದು. ಸೆಕೆಂಡ್ ಪಿಯುವಿನ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಶೇಕಡಾವಾರಿನಲ್ಲಿ ಅರ್ಧ, ಸಿಇಟಿಯ ಶೇಕಡಾವಾರಿನಲ್ಲಿ ಅರ್ಧ. ಎರಡನ್ನೂ ಕೂಡಿಸಿದರೆ ಎಂಜಿನಿಯರಿಂಗ್ ರ‍್ಯಾಂಕು. ಕೋಚಿಂಗಿಗೆ ದುಡ್ಡಿಲ್ಲದ ಹಳ್ಳಿ ಹುಡುಗನನ್ನು ಪಿಯು ಅಂಕ ಕಾಯುತ್ತದೆ, ಪರೀಕ್ಷೆಯ ದಿನ ಕೈ ನಡುಗಿದವಳನ್ನು ವರ್ಷದ ಓದು ಕಾಯುತ್ತದೆ, ತರಗತಿಯ ಮರ್ಯಾದೆಯೂ ಉಳಿಯುತ್ತದೆ ಎಂಬುದು ಹೊಗಳಿಕೆಯ ಪಲ್ಲವಿ. ಮೆಡಿಕಲ್ ಸೀಟು ನೀಟ್ ಪಾಲಾಗಿ, ಜೆಇಇ ಮೇನ್ ಕೂಡ 2017ರಲ್ಲಿ ಬೋರ್ಡ್ ಅಂಕವನ್ನು ರ‍್ಯಾಂಕಿನಿಂದ ಕೈಬಿಟ್ಟ ಮೇಲಂತೂ, ಈ ಸೂತ್ರ ಕರ್ನಾಟಕದ ವಿವೇಕಕ್ಕೆ ಸಾಕ್ಷಿ ಎಂಬಂತಾಗಿದೆ. ನನಗೆ ಹಾಗೆ ಕಾಣುವುದಿಲ್ಲ. ವರ್ಷ ನೆಟ್ಟಗೆ ಸಾಗಿದವರನ್ನು ಅದು ಸರಿಯಾಗಿ ಅಳೆಯುವುದಿಲ್ಲ, ವರ್ಷ ಕೆಟ್ಟವರಿಗೆ ದಂಡ ಹಾಕದೆ ಬಿಡುವುದಿಲ್ಲ.

ಲೆಕ್ಕ ಬಿಡಿಸಿ ನೋಡೋಣ. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180 ಪ್ರಶ್ನೆ, 180 ಅಂಕ. ತಪ್ಪು ಉತ್ತರಕ್ಕೆ ಕಡಿತವಿಲ್ಲ. ಪಿಯುವಿನಲ್ಲಿ ಅದೇ ಮೂರು ವಿಷಯಕ್ಕೆ 300. ಎರಡರ ಸ್ವಭಾವವೇ ಬೇರೆ. ಪಿಯು ಪರೀಕ್ಷೆ ಓದಿದವರಿಗೆ ಅಂಕ ಕೊಡಲೆಂದೇ ಇರುವುದು. ಪ್ರಾಕ್ಟಿಕಲ್ಸ್‌ನ 30 ಅಂಕವಂತೂ ಹೆಚ್ಚುಕಡಿಮೆ ಎಲ್ಲರ ಜೇಬಿಗೂ ಬೀಳುತ್ತದೆ. ಹಾಗಾಗಿ ಒಳ್ಳೆಯ ಸೀಟಿಗೆ ಪೈಪೋಟಿ ನಡೆಸುವವರು ಪಿಯುವಿನಲ್ಲಿ 90ರ ಮೇಲೆ ಒತ್ತೊತ್ತಾಗಿ ನಿಂತಿರುತ್ತಾರೆ. ಸಿಇಟಿಯಲ್ಲಿ ಅದೇ ಮಕ್ಕಳು ಶೇ 40ರಲ್ಲೂ ಸಿಗುತ್ತಾರೆ, 80ರಲ್ಲೂ ಸಿಗುತ್ತಾರೆ. ಒತ್ತಿಕೊಂಡ ಅರ್ಧಕ್ಕೂ ಚದುರಿದ ಅರ್ಧಕ್ಕೂ ಕಾಗದದ ಮೇಲೆ ಸಮಾನ ತೂಕ ಕೊಟ್ಟರೂ, ಹಿಂದುಮುಂದು ಮಾಡುವುದು ಚದುರಿದ ಅರ್ಧವೇ. ಪಿಯುವಿನಲ್ಲಿ ಒಬ್ಬರಿಗೆ 96, ಇನ್ನೊಬ್ಬರಿಗೆ 98 ಬಂದರೆ ಒಟ್ಟು ಲೆಕ್ಕದಲ್ಲಿ ಅಂತರ 1. ಸಿಇಟಿಯ ನಾಲ್ಕೇ ಪ್ರಶ್ನೆ ಅದನ್ನು ಅಳಿಸಿಹಾಕುತ್ತವೆ.

ಈಗ ಆ ಗುಂಪಿನಿಂದ ಹೊರಬಿದ್ದವಳನ್ನು ನೋಡಿ. ನವೆಂಬರಿನಲ್ಲಿ ಅಪ್ಪ ತೀರಿಕೊಂಡಿರಬಹುದು, ಟೈಫಾಯಿಡ್ ಎರಡು ತಿಂಗಳು ಹಾಸಿಗೆ ಹಿಡಿಸಿರಬಹುದು, ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳಿಗೆ ಇಂಗ್ಲಿಷಿನ ಕೆಮಿಸ್ಟ್ರಿ ಎರಡನೇ ವರ್ಷದ ಕೊನೆಗೆ ಹಿಡಿತಕ್ಕೆ ಬಂದಿರಬಹುದು. 95 ತರಬೇಕಾದವಳು 70 ತಂದಳು. ಕಳೆದುಕೊಂಡ 25ರಲ್ಲಿ ಅರ್ಧ 12.5. ಅದನ್ನು ತುಂಬಿಕೊಳ್ಳಲು ಸಿಇಟಿಯಲ್ಲಿ ಶೇ 25 ಹೆಚ್ಚು ಬೇಕು, ಅಂದರೆ 45 ಪ್ರಶ್ನೆ. ಪಕ್ಕದ ಬೆಂಚಿನವಳಿಗೆ 100 ಅಂಕಕ್ಕೆ ಸಿಗುವ ರ‍್ಯಾಂಕು ಇವಳಿಗೆ 145ಕ್ಕೆ ಸಿಗುತ್ತದೆ. ಗುಂಪಿನೊಳಗೆ ಇದ್ದವರಿಗೆ ಪಿಯುವಿನ ಐವತ್ತು ಹೆಸರಿಗೆ ಮಾತ್ರ. ಹೊರಬಿದ್ದವಳಿಗೆ ಅದು ಪೂರ್ತಿ ಐವತ್ತು. ಇದನ್ನು ಸಮತೋಲ ಎಂದು ಕರೆಯುವವರು ಈ ಕೂಡಿಸಿ ಕಳೆಯುವ ಲೆಕ್ಕವನ್ನು ಒಮ್ಮೆಯೂ ಮಾಡಿ ನೋಡಿದಂತಿಲ್ಲ.

ಸೂತ್ರದ ಪರವಾಗಿ ಹೇಳಬೇಕಾದದ್ದು ಒಂದಿದೆ, ಅದನ್ನು ಅದರ ವಕೀಲರೇ ಹೇಳುವುದಿಲ್ಲ: ಅದು ಫಸ್ಟ್ ಪಿಯುವನ್ನು ಮರೆಯುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಮೊದಲು ಮುಗ್ಗರಿಸುವುದು ಅಲ್ಲೇ. ಆ ಮುಗ್ಗರಿಕೆ ರ‍್ಯಾಂಕಿಗೆ ತಟ್ಟದಿರುವುದು ದೊಡ್ಡ ಉಪಕಾರ. ಹಳ್ಳಿಯವರ ರಕ್ಷಣೆಯ ಮಾತು ಮಾತ್ರ ಎರವಲು ಕೀರ್ತಿ. ಆ ಕೆಲಸ ಮಾಡುತ್ತಿರುವುದು ಶೇ 15ರ ಗ್ರಾಮೀಣ ಮೀಸಲಾತಿ, ಶೇ 5ರ ಕನ್ನಡ ಮಾಧ್ಯಮ ಮೀಸಲಾತಿ. ಅವುಗಳ ಪುಣ್ಯವನ್ನು 50:50ರ ಖಾತೆಗೆ ಜಮೆ ಮಾಡುವುದು ಸರಿಯಲ್ಲ.

ಸೂತ್ರದ ಬಣ್ಣ ಬಯಲಾದದ್ದು 2022ರಲ್ಲಿ. ಹಿಂದಿನ ವರ್ಷ ಕೋವಿಡ್‌ನಿಂದಾಗಿ ಸೆಕೆಂಡ್ ಪಿಯು ಪರೀಕ್ಷೆಯೇ ರದ್ದಾಗಿತ್ತು. ಎಸ್ಸೆಸ್ಸೆಲ್ಸಿಯಿಂದ ಶೇ 45, ಫಸ್ಟ್ ಪಿಯುವಿನಿಂದ ಶೇ 45, ಸೆಕೆಂಡ್ ಪಿಯುವಿನ ಆಂತರಿಕ ಮೌಲ್ಯಮಾಪನದಿಂದ ಶೇ 10 ತೆಗೆದುಕೊಂಡು ಅಂಕ ಕಟ್ಟಿದರು. ಎಲ್ಲರೂ ಪಾಸು, 2,239 ಮಂದಿಗೆ 600ಕ್ಕೆ 600. ಆ ವರ್ಷದ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಮಾತ್ರ ಸಾಕೆಂದರು. ಎಲ್ಲರಿಗೂ ಒಂದೇ ನಿಯಮ ಆದ್ದರಿಂದ ತಕರಾರಿಲ್ಲ. ಮರುವರ್ಷ ಅದೇ ಬ್ಯಾಚಿನ ಸುಮಾರು 24 ಸಾವಿರ ಮಕ್ಕಳು ಮತ್ತೆ ಸಿಇಟಿ ಬರೆದಾಗ ಪರೀಕ್ಷಾ ಪ್ರಾಧಿಕಾರ (ಕೆಇಎ) ಅವರಿಗೆ ಸಿಇಟಿ ಅಂಕವನ್ನಷ್ಟೇ ಹಿಡಿದು, ಹೊಸಬರಿಗೆ 50:50 ಅನ್ವಯಿಸಿತು. ಇಬ್ಬರಿಗೂ ಸಿಇಟಿಯಲ್ಲಿ 90 ಬಂದಿದೆ ಎನ್ನಿ, ಅಂದರೆ ಶೇ 50. ಪಿಯುವಿನಲ್ಲಿ 95 ಇದ್ದ ಹೊಸಬನ ಒಟ್ಟು 72.5. ರಿಪೀಟರ್‌ನ ಒಟ್ಟು 50. ಅವನು ಸಮಸಮ ನಿಲ್ಲಲು 131 ತರಬೇಕಿತ್ತು. ಪಿಯು ಅಂಕ ತೂಗಿ ನೋಡುವ ಬಟ್ಟಲಲ್ಲ, ಎಲ್ಲರ ಕಾಲಡಿಗೂ ಇಟ್ಟ ಮಣೆ. ಒಬ್ಬನ ಮಣೆ ಎಳೆದಾಗಲೇ ಅದು ಎಷ್ಟು ಎತ್ತರವಿತ್ತು ಎಂಬುದು ಗೊತ್ತಾಯಿತು.

ಹೈಕೋರ್ಟಿನ ಏಕಸದಸ್ಯ ಪೀಠ ಸೆಪ್ಟೆಂಬರಿನಲ್ಲಿ ಈ ಕ್ರಮವನ್ನು ರದ್ದುಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು. ಕೊನೆಗೆ ವಿಭಾಗೀಯ ಪೀಠದ ಮುಂದೆ ಒಪ್ಪಿತವಾದ ಸೂತ್ರದಂತೆ 2021ರ ಬ್ಯಾಚಿನವರ ಪಿಯು ಅಂಕದಲ್ಲಿ ವಿಷಯವೊಂದಕ್ಕೆ ಸರಾಸರಿ 6ರಂತೆ ಕಳೆದು, ಉಳಿದದ್ದಕ್ಕೆ 50:50 ಹಾಕಿದರು. ರಾಜಿ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆ ಆರನ್ನು ಅಷ್ಟು ಸುಲಭವಾಗಿ ಬಿಡಬಾರದು. ಮೂರು ವಿಷಯಕ್ಕೆ 18, ಅಂದರೆ ಶೇ 6. ಒಟ್ಟು ಲೆಕ್ಕದಲ್ಲಿ 3. ಸಿಇಟಿಯ ಭಾಷೆಯಲ್ಲಿ ಹನ್ನೊಂದು ಪ್ರಶ್ನೆ. ಉಬ್ಬಿದ ಅಂಕಕ್ಕೆ ಕತ್ತರಿ ಎಂಬುದು ಸಮರ್ಥನೆ. ಆದರೆ ಯಾರ ಅಂಕ ಉಬ್ಬಿತ್ತು? ಎಸ್ಸೆಸ್ಸೆಲ್ಸಿಯೂ ಫಸ್ಟ್ ಪಿಯುವೂ ಚೆನ್ನಾಗಿದ್ದವರದು. ಫಸ್ಟ್ ಪಿಯುವಿನಲ್ಲಿ ಇಂಗ್ಲಿಷಿನೊಡನೆ ಗುದ್ದಾಡಿ, ಎರಡನೇ ವರ್ಷ ಚೇತರಿಸಿಕೊಂಡವನ ಅಂಕ ಉಬ್ಬಿರಲಿಲ್ಲ, ಕುಗ್ಗಿತ್ತು. ಮುಂದಿನ ತರಗತಿಗೆ ದಾಟಿದರೆ ಸಾಕೆಂದು ಲಾಕ್‌ಡೌನಿಗೆ ಮುಂಚೆ ಬರೆದ ಪರೀಕ್ಷೆ ಅವನ ಮಾರ್ಕ್ಸ್ ಕಾರ್ಡಿನ ಶೇ 45 ಆಯಿತು. ಚೇತರಿಕೆಯ ವರ್ಷಕ್ಕೆ ಸಿಕ್ಕದ್ದು ಶೇ 10. ಅದರ ಮೇಲೆ ಬೇರೆಯವರ ಉಬ್ಬಿಗೆಂದು ಸಿದ್ಧಪಡಿಸಿದ ಕತ್ತರಿಯೂ ಅವನ ಮೇಲೆಯೇ ಆಡಿತು. 50:50ರ ಏಕೈಕ ಉಪಕಾರ, ಫಸ್ಟ್ ಪಿಯುವನ್ನು ಮರೆಯುವುದು, ಬೇಕಾದ ಹೊತ್ತಿಗೇ ಇಲ್ಲವಾಯಿತು.

ಆ ದಿನಗಳಲ್ಲಿ ಅಂಕಣಕಾರರು ಈ ಮಕ್ಕಳನ್ನು 'ಕೊರೊನಾ ಬ್ಯಾಚ್' ಎಂದು ಹಂಗಿಸಿದ್ದನ್ನು ನಾನು ಮರೆತಿಲ್ಲ. ಪುಕ್ಕಟೆ ಅಂಕ ಪಡೆದವರು ಹೊಸಬರ ಸೀಟು ಕಸಿಯುತ್ತಿದ್ದಾರೆ ಎಂಬುದು ವಾದ. ಪುಕ್ಕಟೆ ಅಂಕವೇ ಕಾರಣವಾಗಿದ್ದರೆ ಈ ಮಕ್ಕಳು ಒಂದು ವರ್ಷ ಕಳೆದುಕೊಂಡು ಮತ್ತೆ ಸಿಇಟಿ ಬರೆಯುವ ಕಷ್ಟ ಏಕೆ ಪಡಬೇಕಿತ್ತು? 2021ರಲ್ಲಿ ಪಿಯು ಅಂಕ ರ‍್ಯಾಂಕಿಗೆ ಬರಲೇ ಇಲ್ಲವಲ್ಲ. ಪರೀಕ್ಷೆ ರದ್ದು ಮಾಡಿದ್ದು ಸರ್ಕಾರ, ಅಂಕ ಕಟ್ಟಿದ್ದು ಇಲಾಖೆ, ಬೈಸಿಕೊಂಡದ್ದು ಹದಿನೆಂಟರ ಮಕ್ಕಳು.

ಇನ್ನೊಂದು ಪಾಳೆಯ 'ಸಿಇಟಿ ಒಂದೇ ಸಾಕು' ಎನ್ನುತ್ತದೆ. ಇಂಟರ್‌ಮೀಡಿಯೆಟ್‌ಗೆ ಇದ್ದ ಶೇ 25ರ ತೂಕವನ್ನು ತೆಲಂಗಾಣ ಕೈಬಿಟ್ಟದ್ದು ಅವರ ಉದಾಹರಣೆ. ಎದುರು ಪಾಳೆಯಕ್ಕೆ ತಮಿಳುನಾಡು ಇದೆ: ಅಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯೇ ಇಲ್ಲ, ಪ್ಲಸ್ ಟು ಅಂಕದ್ದೇ ರಾಜ್ಯಭಾರ. ಬೇರೆ ಬೇರೆ ಬೋರ್ಡುಗಳ ಅಂಕವನ್ನು ಸರಿದೂಗಿಸುವ ಕೇರಳವನ್ನು ನೋಡಿ ಕಲಿಯಿರಿ ಎನ್ನುವ ವಿದ್ವಾಂಸರೂ ಇದ್ದಾರೆ. ಆ ಕೇರಳ 2025ರಲ್ಲಿ ಪ್ರಾಸ್ಪೆಕ್ಟಸ್ ಹೊರಬಿದ್ದ ಮೇಲೆ ಸೂತ್ರ ಬದಲಿಸಿ, ಹೈಕೋರ್ಟಿನಲ್ಲಿ ಸೋತು, ಹಳೆಯದಕ್ಕೆ ಮರಳಬೇಕಾಯಿತು. ಈ ಮೂರೂ ಪಂಗಡಗಳ ಜಗಳ ಯಾವ ಪರೀಕ್ಷೆ ಪ್ರತಿಭೆಯನ್ನು ಚೆನ್ನಾಗಿ ಅಳೆಯುತ್ತದೆ ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಒಂದು ಕೆಟ್ಟ ವರ್ಷಕ್ಕೆ ಎಷ್ಟು ಬೆಲೆ ತೆರಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಆ ಪ್ರಶ್ನೆಗೆ ಅರೆಬರೆಯಾದರೂ ಉತ್ತರ ಕೊಟ್ಟದ್ದು ಯಾರೂ ಹೊಗಳದ ಒಂದು ಬದಲಾವಣೆ: 2024ರಿಂದ ಸೆಕೆಂಡ್ ಪಿಯುವಿಗೆ ಬಂದ, ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ. ಒಂದಕ್ಕಿಂತ ಹೆಚ್ಚು ಬಾರಿ ಬರೆದು ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು. ಇದನ್ನು ಫಲಿತಾಂಶ ಏರಿಸುವ ಹುನ್ನಾರವೆಂದು ಗೇಲಿ ಮಾಡಿದವರೇ 50:50ರ ಭಕ್ತರು. ಮಾರ್ಚಿನಲ್ಲಿ ಕಾಮಾಲೆ ಬಂದವನಿಗೆ ಅದು ಇಡೀ ಸೂತ್ರಕ್ಕಿಂತ ಹೆಚ್ಚಿನ ನ್ಯಾಯ. ಮಿತಿಯೂ ಕಾಣುತ್ತದೆ: ಎಲ್ಲ ಪರೀಕ್ಷೆಗಳೂ ಕೆಲವೇ ತಿಂಗಳ ಅಂತರದಲ್ಲಿ ಮುಗಿಯುತ್ತವೆ. ವಾರ ಕೆಟ್ಟವನಿಗೆ ಮದ್ದಿದೆ, ವರ್ಷ ಕೆಟ್ಟವನಿಗಿಲ್ಲ.

ಅಮೆರಿಕದ ಕಾಲೇಜುಗಳಂತೆ ಕಷ್ಟದ ಕತೆಯನ್ನು ಅರ್ಜಿಯಲ್ಲಿ ಬರೆಯಲು ಜಾಗ ಕೊಡಿ ಎಂಬ ಸಲಹೆ ಆಗಾಗ ಕೇಳುತ್ತದೆ. ಬೇಡ. ಓದುವ ಅಧಿಕಾರಿ ಇದ್ದಲ್ಲಿ ಶಿಫಾರಸು ಇರುತ್ತದೆ, ಬರೆದುಕೊಡುವ ದಲ್ಲಾಳಿಯೂ ಇರುತ್ತಾನೆ. ಅಂಕಿಗೆ ಕಣ್ಣಿಲ್ಲ, ವಶೀಲಿಯೂ ನಡೆಯುವುದಿಲ್ಲ. ಕೆಇಎ ಪಟ್ಟಿಯ ಮೇಲಿನ ನಂಬಿಕೆ ನಿಂತಿರುವುದೇ ಇದರ ಮೇಲೆ. ಆದ್ದರಿಂದ ದಾರಿಯನ್ನೂ ಅಂಕಿಯೊಳಗೇ ಹುಡುಕಬೇಕು. ಎರಡು ಪಟ್ಟಿ ಮಾಡಲಿ, ಒಂದು 50:50ರದು, ಇನ್ನೊಂದು ಸಿಇಟಿ ಮಾತ್ರದ್ದು. ಪ್ರತಿಯೊಬ್ಬರಿಗೂ ಎರಡರಲ್ಲಿ ಒಳ್ಳೆಯ ಸ್ಥಾನ ಸಿಗಲಿ, ಸಮ ಬಂದಲ್ಲಿ ಸಿಇಟಿ ಅಂಕ ನಿರ್ಧರಿಸಲಿ. ಪಿಯು ಅಂಕ ನೆಚ್ಚಿದ ಹಳ್ಳಿ ಹುಡುಗನಿಗೆ ಮೊದಲ ಪಟ್ಟಿ ಇದ್ದೇ ಇರುತ್ತದೆ. 70ಕ್ಕೆ ಇಳಿದು ಸಿಇಟಿಯಲ್ಲಿ 130 ಹೊಡೆದವಳಿಗೆ ಎರಡನೆಯದು. ತರಗತಿ ಖಾಲಿಯಾಗುತ್ತದೆ ಎನ್ನುವವರಿಗೆ ಉತ್ತರ: ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದಲ್ಲಿ ಶೇ 45ರ ಅರ್ಹತೆ ಈಗಾಗಲೇ ಇದೆ. ಕೋಚಿಂಗ್ ಮಕ್ಕಳಿಗೆ ಪಿಯುವಿನಲ್ಲಿ ಈಗಲೂ 95 ಬರುತ್ತಿದೆ, ಅವರು ಇದರಿಂದ ಗಳಿಸುವುದು ಕಡಿಮೆ. ಇದನ್ನು ಒಪ್ಪದವರು ಕನಿಷ್ಠ ಒಂದು ಕೆಲಸ ಮಾಡಲಿ: ಪಿಯು ಅಂಕ ಸೇರಿಸಿದ್ದರಿಂದ ಯಾರ ಸ್ಥಾನ ಎಷ್ಟು ಕೆಳಗಿಳಿಯಿತು ಎಂಬ ಪಟ್ಟಿಯನ್ನು ರ‍್ಯಾಂಕಿನ ಜೊತೆಗೇ ಪ್ರತಿವರ್ಷ ಪ್ರಕಟಿಸಲಿ. ಆಮೇಲೂ 50:50ನ್ನು ಸಮತೋಲವೆಂದು ಹೊಗಳುವ ಧೈರ್ಯ ಎಷ್ಟು ಮಂದಿಗೆ ಉಳಿಯುತ್ತದೋ ನೋಡೋಣ.