ಹೆಸರಿನ ಅಳತೆ, ನಿಜದ ಅಳತೆ

ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಬಾಗಿಲಿಗೆ ‘ಐದು-ಮೂರರ’ ಚೌಕಟ್ಟು ತಂದವರು ಅದನ್ನು ಅಳೆದು ನೋಡುವುದು ಅಪರೂಪ. ಐದು ಇಂಚು, ಮೂರು ಇಂಚು ಎಂಬುದು ಗರಗಸದಲ್ಲಿ ಕೊಯ್ದಾಗಿನ ಅಳತೆ. ಕೀಸುಳಿ ಹೊಡೆದಾಗ ಪ್ರತಿ ಮೈಯಿಂದ 1/8 ಇಂಚು ಹೋದರೆ ಉಳಿಯುವುದು 4.75 × 2.75 ಇಂಚು. ಅಡ್ಡಕೊಯ್ತದ ವಿಸ್ತೀರ್ಣ ಶೇ. 13ರಷ್ಟು ಇಳಿಯಿತು. ಇದೇ ತುಂಡನ್ನು ಅಗಲದ ಮೈ ನೇರ ನಿಲ್ಲುವಂತೆ ತೊಲೆಯಾಗಿ ಇಟ್ಟರೆ ನಷ್ಟ ಇನ್ನೂ ಹೆಚ್ಚು. ಬಾಗುವಿಕೆಗೆ ತೊಲೆ ಒಡ್ಡುವ ಪ್ರತಿರೋಧ ಅದರ ದಪ್ಪಕ್ಕೂ ಎತ್ತರದ ಘನಕ್ಕೂ ಅನುಪಾತದಲ್ಲಿರುವುದರಿಂದ ಅದು ಶೇ. 21ರಷ್ಟು ಕುಗ್ಗುತ್ತದೆ.

ದುಂಡು ದಿಮ್ಮಿಯ ಲೆಕ್ಕ ಇನ್ನೂ ವಿಚಿತ್ರ. ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವ ರೂಢಿ ನಮ್ಮ ನಾಟಾ ವ್ಯಾಪಾರದಲ್ಲಿದೆ. ಇಂಗ್ಲೆಂಡಿನ ಎಡ್ವರ್ಡ್ ಹೋಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಸೂತ್ರವೂ ಇದೇ. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿಗೆ ಈ ಸೂತ್ರ ಕೊಡುವ ಉತ್ತರ 10 ಘನ ಅಡಿ. ಸಿಲಿಂಡರಿನ ಸೂತ್ರದಂತೆ ನಿಜವಾದ ಗಾತ್ರ 12.73 ಘನ ಅಡಿ. ಚೌಕ ಮಾಡುವಾಗ ಹೋಗುವ ಚಕ್ಕೆಗಾಗಿ ಈ ರಿಯಾಯಿತಿ ಎಂಬುದು ಸಮರ್ಥನೆ. ಆದರೆ ಅದೇ ದಿಮ್ಮಿಯಿಂದ ತೆಗೆಯಬಹುದಾದ ಅತಿ ದೊಡ್ಡ ಚೌಕ ತೊಲೆ 8.11 ಘನ ಅಡಿ ಮಾತ್ರ. ಹಾಗಾದರೆ ಆ ಹತ್ತು ಮರದ ಗಾತ್ರವೂ ಅಲ್ಲ, ತೊಲೆಯ ಗಾತ್ರವೂ ಅಲ್ಲ!

ಇದನ್ನು ಮೋಸ ಎನ್ನಲಾಗದು. ಕೊಡುವವನಿಗೂ ಕೊಳ್ಳುವವನಿಗೂ ಸೂತ್ರ ತಿಳಿದಿದ್ದರೆ ದರ ಅದಕ್ಕೆ ಹೊಂದಿಕೊಳ್ಳುತ್ತದೆ. ತೊಡಕಿರುವುದು ಒಬ್ಬನಿಗೆ ಮಾತ್ರ ತಿಳಿದಿದ್ದಾಗ. ಬದುವಿನ ಬೇವನ್ನು ಸುತ್ತಳತೆಯ ಲೆಕ್ಕದಲ್ಲಿ ಮಾರಿ, ಕೊಯ್ದ ಮರವನ್ನು ಘನ ಅಡಿಯ ಲೆಕ್ಕದಲ್ಲಿ ಕೊಳ್ಳುವ ರೈತನಿಗೆ ಎರಡೂ ‘ಘನ ಅಡಿ’ಗಳು ಒಂದೇ ಎನಿಸುತ್ತವೆ. ಅವು ಒಂದೇ ಅಲ್ಲ.

ಅಮೆರಿಕದಲ್ಲಿ ‘ಎರಡು-ನಾಲ್ಕು’ ಎನ್ನುವ ಒಣ ಮರ ನಿಜವಾಗಿ 1.5 × 3.5 ಇಂಚು, ಕೊರತೆ ಶೇ. 34. ಆದರೆ ಹೆಸರಿನ ಅಳತೆ, ನಿಜದ ಅಳತೆ ಎರಡನ್ನೂ ಅಲ್ಲಿನ ಮಾನಕವೇ ಅಕ್ಕಪಕ್ಕ ಮುದ್ರಿಸಿದೆ. ನಮ್ಮಲ್ಲಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಮೆಟ್ರಿಕ್ ಮಾನಗಳನ್ನು ಕಡ್ಡಾಯ ಮಾಡಿದ್ದರೂ ಮರದಂಗಡಿಯ ಮಾತು ಇಂಚು, ಅಡಿಗಳಲ್ಲೇ ಉಳಿದಿದೆ. ಕೊಯ್ದ ಅಳತೆಯ ಪಕ್ಕದಲ್ಲಿ ಕೀಸಿದ ಅಳತೆಯನ್ನೂ ಮಿಲಿಮೀಟರಿನಲ್ಲಿ ರಸೀದಿಯಲ್ಲಿ ಬರೆಯಲು ಖರ್ಚೇನೂ ಇಲ್ಲ.

ಆಕ್ಷೇಪ ನಮ್ಮ ತರಗತಿಗಳ ಮೇಲೂ ಇದೆ. ಸಿಲಿಂಡರಿನ ಗಾತ್ರವನ್ನು ವರ್ಷ ವರ್ಷವೂ ಕಲಿಸುವ ನಾವು ದಿಮ್ಮಿಯ ಲೆಕ್ಕವನ್ನು ಮುಟ್ಟುವುದಿಲ್ಲ. ವಿದ್ಯಾರ್ಥಿಗಳು ನಾಳೆಯೇ ಶಾಲೆಯ ಬಾಗಿಲ ಚೌಕಟ್ಟಿಗೆ ಅಳತೆಪಟ್ಟಿ ಹಿಡಿಯಲಿ. ಶಾಲೆಯ ಮುಂದಿನ ಮರಕ್ಕೆ ದಾರ ಸುತ್ತಿ ಎರಡೂ ಸೂತ್ರಗಳಿಂದ ಲೆಕ್ಕ ಹಾಕಲಿ. ಎರಡು ಉತ್ತರಗಳ ನಡುವಿನ ವ್ಯತ್ಯಾಸ ಯಾರ ಜೇಬಿಗೆ ಸೇರುತ್ತದೆ ಎಂಬ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.