ಅವಸರ ಕಲಿಸಿದವರು ಯಾರು?

ರಿಸರ್ವ್ ಬ್ಯಾಂಕಿನ ಜಾಹೀರಾತಲ್ಲಿ ಅಮಿತಾಭ್ ಬಚ್ಚನ್ ಬಂದು ಎಚ್ಚರ ಅಂತಾರೆ. ಓಟಿಪಿ ಯಾರಿಗೂ ಹೇಳಬೇಡಿ. ಮಾತು ಸರಿಯೇ. ಆದರೆ ಇಡೀ ಹೊಣೆಯನ್ನು ಕೊಳ್ಳುವವರ ತಲೆಗೇ ಕಟ್ಟುವ ಈ ಧಾಟಿ ನನಗೆ ಒಪ್ಪಿಗೆಯಿಲ್ಲ. ಯಾವುದಾದರೂ ಶಾಪಿಂಗ್ ಆ್ಯಪ್ ತೆರೆದು ನೋಡಿ: ‘ಇನ್ನು ಎರಡೇ ಉಳಿದಿವೆ’, ಪಕ್ಕದಲ್ಲೇ ಹತ್ತು ನಿಮಿಷದ ಗಡಿಯಾರ ಹಿಂದಕ್ಕೆ ಓಡ್ತಿರುತ್ತೆ. (ನಿಜವಾಗಿ ಎರಡೇ ಇದ್ದರೆ ಹೇಳಲಿ, ತಕರಾರಿಲ್ಲ.) ಯೋಚಿಸಬೇಡ, ಒತ್ತು ಅಂತ ದಿನಾ ಪಾಠ ಮಾಡೋದು ಇದೇ ತಾನೇ? ‘ನಿಮ್ಮ ಪಾರ್ಸೆಲ್ ನಿಂತಿದೆ, ಈಗಲೇ ವಿಳಾಸ ಸರಿಪಡಿಸಿ’ ಅಂತ ಕಳ್ಳ ಕಳಿಸುವ ಮೆಸೇಜು ಕೆಲಸ ಮಾಡೋದು ಆ ಪಾಠದ ಬಲದಿಂದಲೇ.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಡಾರ್ಕ್ ಪ್ಯಾಟರ್ನ್’ ಅನ್ನೋ ಹೆಸರಲ್ಲಿ ಇಂಥ 13 ತಂತ್ರಗಳ ಪಟ್ಟಿಯಿದೆ. ಸುಳ್ಳು ಅವಸರವೇ ಮೊದಲನೆಯದು. ಕೇಳದೇ ಬುಟ್ಟಿಗೆ ವಿಮೆಯನ್ನೋ ದೇಣಿಗೆಯನ್ನೋ ಸೇರಿಸೋದೂ ಅದರಲ್ಲಿದೆ. 1930ಕ್ಕೆ ಫೋನ್ ಮಾಡಿ ಅನ್ನೋದು ದುಡ್ಡು ಹೋದ ಮೇಲಿನ ಮಾತು. ಹೋಗುವ ಮೊದಲಿನ ಈ ಪಟ್ಟಿಯನ್ನು ಕನ್ನಡದಲ್ಲಿ ಟೀವಿಗೆ ಬಂದು ಓದಿ ಹೇಳಿದವರನ್ನು ನಾನಂತೂ ಇನ್ನೂ ಕಂಡಿಲ್ಲ.